ಜರಡಿಯಲ್ಲಿ ಸೋರಿಹೋದ ಒಂಬತ್ತು ದಿನ

ರಾತ್ರಿ ನಿದ್ದೆ ಹತ್ತದಿದ್ದರೆ ನಾನು ಭೂಕಂಪ ಅಳೆಯುವ ಕೇಂದ್ರಗಳಲ್ಲಿ ನೆಲದ ಅಲುಗಾಟವನ್ನು ಯಂತ್ರ ಬರೆದ ಗೆರೆ ನೋಡುತ್ತಾ ಕೂರುತ್ತೇನೆ. ಹೇಳಿಕೊಳ್ಳಲು ತುಸು ಸಂಕೋಚವಾಗುವ ಚಟ. ಭೂವಿಜ್ಞಾನ ನನ್ನ ವೃತ್ತಿಯಲ್ಲ, ಕಾಲೇಜಿನಲ್ಲಿ ಓದಿದ ವಿಷಯವೂ ಅಲ್ಲ. ಆದರೆ ಜಗತ್ತಿನ ಎಷ್ಟೋ ಕೇಂದ್ರಗಳ ದಾಖಲೆ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪುಟ ತೆರೆದರೆ ಅರ್ಧ ಗಂಟೆಗೊಂದರಂತೆ ಅಡ್ಡಡ್ಡ ನಲವತ್ತೆಂಟು ಗೆರೆ, ಒಂದರ ಕೆಳಗೊಂದು. ಅಷ್ಟೇ. ಬಣ್ಣವಿಲ್ಲ, ಸಂಗೀತವಿಲ್ಲ, ಕಥೆಯಿಲ್ಲ.

ಕೆಲವು ವಾರ ನೋಡಿದರೆ ಕಣ್ಣು ಪಳಗುತ್ತದೆ. ಊರಿನ ಅಂಚಿನ ಕೇಂದ್ರವಾದರೆ ಬೆಳಗಾಗುತ್ತಿದ್ದಂತೆ ಗೆರೆ ದಪ್ಪಗಾಗುತ್ತದೆ, ನಡುರಾತ್ರಿಗೆ ಸೊರಗುತ್ತದೆ. ಅದು ಭೂಮಿಯ ಸದ್ದಲ್ಲ, ಲಾರಿಗಳದು. ಕಡಲಲ್ಲಿ ಬಿರುಗಾಳಿಯೆದ್ದರೆ ಎಷ್ಟೋ ದೂರದ ಗೆರೆಗೂ ನವಿರಾದ ರೋಮ ಮೂಡುತ್ತದೆ. ದೂರದ ಭೂಕಂಪವೋ, ಕಂಬಳಿಹುಳುವಿನ ಹಾಗೆ ಬರುತ್ತದೆ: ಮೊದಲು ಚೂಪು ತಲೆ, ಆಮೇಲೆ ಉಬ್ಬಿದ ಮೈ, ಕೊನೆಗೆ ನಿಧಾನವಾಗಿ ಕರಗುವ ಬಾಲ. ಹತ್ತಿರದ್ದಾದರೆ ಹುಳುವಲ್ಲ, ಮುಳ್ಳು.

ಈ ಪಳಗಿದ ಕಣ್ಣಿನ ಬಗ್ಗೆ ನನಗೆ ಒಳಗೊಳಗೇ ಸಣ್ಣ ಜಂಬವಿತ್ತು. ಅದು ಇಳಿದದ್ದು 2024ರ ಸೆಪ್ಟೆಂಬರ್‌ನಲ್ಲಿ, ‘ಸೈನ್ಸ್’ ಪತ್ರಿಕೆಯ ಒಂದು ಪ್ರಬಂಧದ ಸುದ್ದಿ ಓದಿದಾಗ. ಅದಕ್ಕೂ ಒಂದು ವರ್ಷ ಹಿಂದೆ, 2023ರ ಸೆಪ್ಟೆಂಬರ್ 16ರಿಂದ ಒಂಬತ್ತು ದಿನ, ಇಡೀ ಭೂಮಿ ಒಂದೇ ಶ್ರುತಿಯಲ್ಲಿ ಮಿಡಿದಿತ್ತಂತೆ. ಉತ್ತರ ಧ್ರುವದ ಬಳಿಯಿಂದ ಅಂಟಾರ್ಕ್ಟಿಕಾದವರೆಗಿನ ಉಪಕರಣಗಳು ಅದನ್ನು ಬರೆದುಕೊಂಡಿದ್ದವು. ಆ ದಿನಗಳಲ್ಲಿ ನಾನೂ ಗೆರೆ ನೋಡುತ್ತಿದ್ದೆ. ನನಗೆ ಏನೆಂದರೆ ಏನೂ ಕಂಡಿರಲಿಲ್ಲ.

ಕಾಣದಿದ್ದುದಕ್ಕೆ ಕಾರಣ ಕಣ್ಣಲ್ಲ, ಜರಡಿ. ನನ್ನಂಥವರ ಮುಂದೆ ಬರುವ ಗೆರೆಯನ್ನು ಸಾಮಾನ್ಯವಾಗಿ ಮೊದಲೇ ಸೋಸಿರುತ್ತಾರೆ. ಸೆಕೆಂಡಿಗೆ ಹಲವು ಸಲ ನಡುಗುವ ಹತ್ತಿರದ ಕಂಪನ ಬೇಕೆಂದವರು ಒಂದು ಜರಡಿ ಹಿಡಿಯುತ್ತಾರೆ, ಇಪ್ಪತ್ತು ಸೆಕೆಂಡಿಗೊಮ್ಮೆ ತೂಗುವ ದೂರದ ಅಲೆ ಬೇಕೆಂದವರು ಇನ್ನೊಂದು. ಅವತ್ತಿನ ಮಿಡಿತ ತೊಂಬತ್ತೆರಡು ಸೆಕೆಂಡಿಗೊಮ್ಮೆ. ಒಂದು ಸಲ ಮೇಲೆದ್ದು ಕೆಳಗಿಳಿಯಲು ಒಂದೂವರೆ ನಿಮಿಷ! ನನ್ನ ಜರಡಿಯಲ್ಲಿ ಅದು ಪೂರ್ತಿ ಸೋರಿಹೋಗಿತ್ತು.

ಅಷ್ಟು ನಿಧಾನದ ಕಂಪನ ಭೂಕಂಪಶಾಸ್ತ್ರಕ್ಕೆ ಹೊಸದಲ್ಲ. ದೊಡ್ಡ ಭೂಕಂಪವಾದರೆ ಭೂಮಿ ಗಂಟೆಯಂತೆ ದಿನಗಟ್ಟಲೆ ಅನುರಣಿಸುವುದುಂಟು. ಆದರೆ ಗಂಟೆಯ ನಾದದಲ್ಲಿ ನೂರಾರು ಸ್ವರಗಳು ಬೆರೆತಿರುತ್ತವೆ. ಇಲ್ಲಿದ್ದುದು ಒಂದೇ ಸ್ವರ. ತಂಬೂರಿಯ ಒಂದೇ ತಂತಿಯನ್ನು ಯಾರೋ ಮೀಟುತ್ತಲೇ ಇದ್ದಂತೆ, ಏರಿಳಿತವಿಲ್ಲದೆ, ದಿನದಿನಕ್ಕೆ ತುಸುತುಸುವೇ ಕ್ಷೀಣಿಸುತ್ತಾ. ಭೂಕಂಪ ಹೀಗೆ ನುಡಿಯುವುದಿಲ್ಲ. ವಿಜ್ಞಾನಿಗಳು ತಮಾಷೆಗೆ ಅದನ್ನು ‘ಗುರುತು ಸಿಗದ ಭೂಕಂಪನ ವಸ್ತು’ ಎಂದು ಕರೆದರು, ಹಾರುವ ತಟ್ಟೆಗಳ ಧಾಟಿಯಲ್ಲಿ.

ಅದೇ ಹೊತ್ತಿಗೆ ಬೇರೆ ದಿಕ್ಕಿನಿಂದ ಇನ್ನೊಂದು ವರದಿ ಡೆನ್ಮಾರ್ಕ್ ತಲುಪಿತ್ತು. ಪೂರ್ವ ಗ್ರೀನ್‌ಲ್ಯಾಂಡಿನ ಜನವಸತಿಯಿಲ್ಲದ ಡಿಕ್ಸನ್ ಫ್ಯೋರ್ಡ್ ಎಂಬಲ್ಲಿ ಭಾರಿ ಅಲೆ ಎದ್ದಿದೆ ಎಂದು. ಫ್ಯೋರ್ಡ್ ಎಂದರೆ ಹಿಮನದಿ ಕೊರೆದು ಬಿಟ್ಟುಹೋದ ಆಳದ ಕಣಿವೆಗೆ ಕಡಲ ನೀರು ನುಗ್ಗಿ ಆದ ಇಕ್ಕಟ್ಟಿನ ಚಾಚು. ಅಲ್ಲಿಂದ 72 ಕಿಲೋಮೀಟರ್ ದೂರದ ಎಲ್ಲಾ ಎಂಬ ದ್ವೀಪದಲ್ಲಿ (ನಗಬೇಡಿ, ಅದರ ಹೆಸರೇ ಅದು) ಖಾಲಿಯಿದ್ದ ಸಂಶೋಧನಾ ನೆಲೆಯೊಂದಕ್ಕೆ ಅಲೆ ಬಡಿದು ಹಾನಿಯಾಗಿತ್ತು. ಹಳೆಯ ಉಪಗ್ರಹ ಚಿತ್ರ, ಹೊಸ ಉಪಗ್ರಹ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸುಮಾರು 1.2 ಕಿಲೋಮೀಟರ್ ಎತ್ತರದ ಶಿಖರವೊಂದು ಎರಡನೆಯದರಲ್ಲಿ ಇರಲೇ ಇಲ್ಲ.

ಎರಡು ಒಗಟುಗಳನ್ನೂ ಸೇರಿಸಿ ಬಿಡಿಸಲು 15 ದೇಶಗಳ 68 ವಿಜ್ಞಾನಿಗಳು ಒಂದು ವರ್ಷ ತೆಗೆದುಕೊಂಡರು. ಮುಂದಾಳತ್ವ ಡೆನ್ಮಾರ್ಕ್ ಮತ್ತು ಗ್ರೀನ್‌ಲ್ಯಾಂಡ್ ಭೂವೈಜ್ಞಾನಿಕ ಸರ್ವೇಕ್ಷಣೆಯ ಕ್ರಿಸ್ಟಿಯಾನ್ ಸ್ವೆನ್ನೆವಿಗ್ ಅವರದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸ್ಟೀಫನ್ ಹಿಕ್ಸ್ ಭೂಕಂಪನದ ಕಡೆಯಿಂದ ಜೊತೆಗಿದ್ದರು. ಅವರು ಕಂಡುಕೊಂಡದ್ದು ಇಷ್ಟು. ಶಿಖರದ ಬುಡದಲ್ಲಿ ಒಂದು ಹಿಮನದಿ ಇತ್ತು. ದಶಕಗಳಿಂದ ಕಾವೇರುತ್ತಿದ್ದ ಗಾಳಿಗೆ ಅದು ತೆಳುವಾಗುತ್ತಾ ಬಂದು, ಮೇಲಿನ ಬಂಡೆಗೆ ಒತ್ತಾಸೆ ಕೊಡಲಾರದಷ್ಟು ಸೊರಗಿತು. ಬಂಡೆ ಕಳಚಿತು, ಬೀಳುತ್ತಾ ಹಿಮನದಿಯನ್ನೂ ಬಾಚಿಕೊಂಡು ಸುಮಾರು 2.5 ಕೋಟಿ ಘನ ಮೀಟರ್ ಕಲ್ಲು, ಮಂಜು ನೀರಿಗೆ ಅಪ್ಪಳಿಸಿತು. ಎದುರು ದಡದಲ್ಲಿ ನೀರು ಇನ್ನೂರು ಮೀಟರ್ ಎತ್ತರಕ್ಕೆ ಏರಿತು.

ಇಲ್ಲಿಯವರೆಗೆ ಭೀಕರ, ಆದರೆ ಅರ್ಥವಾಗುವ ಕಥೆ. ಸುನಾಮಿ ಕೆಲವು ಗಂಟೆಯಲ್ಲಿ ಮುಗಿಯಬೇಕು. ಒಂಬತ್ತು ದಿನದ ಶ್ರುತಿ ಎಲ್ಲಿಂದ ಬಂತು?

ಇದನ್ನು ಓದಿದ ಮರುದಿನ ಬೆಳಿಗ್ಗೆ ನಾನು ಬಚ್ಚಲಿನಲ್ಲಿ ಬಕೆಟ್ಟಿನ ಮುಂದೆ ಮೊಬೈಲಿನ ಗಡಿಯಾರ ಹಿಡಿದು ಕೂತಿದ್ದೆ. ತುಂಬಿದ ಬಕೆಟ್ಟಿನ ಅಂಚನ್ನು ಒಮ್ಮೆ ನೂಕಿದರೆ ನೀರು ಆಚೆಗೊಮ್ಮೆ ಈಚೆಗೊಮ್ಮೆ ಓಲಾಡುತ್ತದೆ. ಇಪ್ಪತ್ತು ಓಲಾಟಕ್ಕೆ ಹನ್ನೊಂದು ಸೆಕೆಂಡು. ಜೋರಾಗಿ ನೂಕಿದರೂ ಹನ್ನೊಂದು, ಮೆಲ್ಲಗೆ ನೂಕಿದರೂ ಹೆಚ್ಚುಕಡಿಮೆ ಹನ್ನೊಂದೇ. ನೂಕುವವನ ಆತುರಕ್ಕೆ ನೀರು ಸೊಪ್ಪು ಹಾಕುವುದಿಲ್ಲ. ಅದರ ತಾಳವನ್ನು ಗೊತ್ತುಮಾಡುವುದು ಪಾತ್ರೆಯ ಅಗಲ, ನೀರಿನ ಆಳ. ಇಂಥ ಓಲಾಟಕ್ಕೆ ‘ಸೇಶ್’ ಎಂಬ ಹೆಸರನ್ನು ಶಾಸ್ತ್ರಕ್ಕೆ ತಂದವನು ಸ್ವಿಟ್ಜರ್‌ಲೆಂಡಿನ ಫೊರೆಲ್, ಹತ್ತೊಂಬತ್ತನೆಯ ಶತಮಾನದಲ್ಲಿ, ಜಿನೀವಾ ಸರೋವರದ ದಡದಲ್ಲಿ ಕೂತು ನೀರಿನ ಏರಿಳಿತ ಅಳೆಯುತ್ತಾ. ಆ ಸರೋವರ ಉದ್ದಕ್ಕೆ ಒಮ್ಮೆ ಓಲಾಡಲು ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ.

ಡಿಕ್ಸನ್ ಫ್ಯೋರ್ಡ್ ಸುಮಾರು 2.7 ಕಿಲೋಮೀಟರ್ ಅಗಲ, ಅರ್ಧ ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ದೊಡ್ಡ ಬಕೆಟ್ಟಿನಲ್ಲಿ ನೀರು ಈ ದಡದಿಂದ ಆ ದಡಕ್ಕೆ ಹೋಗಿ ಮರಳಲು ಒಂದೂವರೆ ನಿಮಿಷ ಬೇಕು. ಬೇಕಾದವರು ಪಠ್ಯಪುಸ್ತಕದ ಸೂತ್ರಕ್ಕೆ ಅಂಕಿ ಹಾಕಿ ನೋಡಬಹುದು. ತಳ ಸಮತಟ್ಟೆಂದು ಹಿಡಿದರೆ ಎಪ್ಪತ್ತು ಚಿಲ್ಲರೆ ಸೆಕೆಂಡು ಬರುತ್ತದೆ, ಆದರೆ ಫ್ಯೋರ್ಡಿನ ತಳ ದೋಣಿಯ ಹೊಟ್ಟೆಯಂತೆ ಬಾಗಿರುವುದರಿಂದ ಉತ್ತರ ತೊಂಬತ್ತರ ಕಡೆಗೆ ಸರಿಯುತ್ತದೆ. ನನ್ನ ಕಾಗದದ ಲೆಕ್ಕ ಅಲ್ಲಿಗೆ ಬಂದು ನಿಂತಾಗ ಆದ ಖುಷಿಯನ್ನು ಮನೆಯಲ್ಲಿ ಯಾರಿಗೂ ಹಂಚಲಾಗಲಿಲ್ಲ. ಬಕೆಟ್ಟಿನ ನೀರು ತಣ್ಣಗಾಗಿತ್ತು ಎಂಬುದಷ್ಟೇ ಅವರಿಗೆ ಮುಖ್ಯವಾಗಿತ್ತು.

ಬಕೆಟ್ಟಿನ ಓಲಾಟ ನಿಮಿಷದಲ್ಲಿ ಅಡಗುತ್ತದೆ. ಫ್ಯೋರ್ಡಿನದು ಒಂಬತ್ತು ದಿನ ಏಕೆ ಅಡಗಲಿಲ್ಲ ಎಂದರೆ ಅದಕ್ಕೆ ಹೊರದಾರಿ ಇರಲಿಲ್ಲ. ಒಂದು ಕೊನೆಯಲ್ಲಿ ಹಿಮನದಿಯ ಗೋಡೆ, ಇನ್ನೊಂದು ಕಡೆ ಕಣಿವೆಯೇ ಚೂಪಾಗಿ ತಿರುಗುವ ತಿರುವು, ತೆರೆದ ಕಡಲು ಇನ್ನೂರು ಕಿಲೋಮೀಟರ್ ಆಚೆ. ಸಿಕ್ಕಿಬಿದ್ದ ನೀರು ಅಡ್ಡಡ್ಡಲಾಗಿ ತೂಗುತ್ತಲೇ ಇತ್ತು. ಮೊದಮೊದಲು ಏಳು ಮೀಟರಿನ ಅಲೆ, ಆಮೇಲೆ ದಿನಕಳೆದಂತೆ ಸೆಂಟಿಮೀಟರುಗಳಿಗೆ ಇಳಿಯಿತು. ಒಟ್ಟು ಲೆಕ್ಕ ಹಾಕಿದರೆ ಎಂಟು ಸಾವಿರಕ್ಕೂ ಹೆಚ್ಚು ಸಲ ನೀರು ಆ ದಡಕ್ಕೂ ಈ ದಡಕ್ಕೂ ಹೊರಳಿದೆ. ಹೊರಳುವಾಗಲೆಲ್ಲ ಅದರ ಭಾರ ಬಂಡೆಯನ್ನು ಒಮ್ಮೆ ಇತ್ತ ಒಮ್ಮೆ ಅತ್ತ ಒತ್ತಿತು. ಆ ಒತ್ತು ಶಿಲೆಯ ಮೂಲಕ ಭೂಮಿಯನ್ನೆಲ್ಲ ಸುತ್ತಿತು. ಬೇರೆ ಬೇರೆ ದಿಕ್ಕಿನ ಕೇಂದ್ರಗಳಲ್ಲಿ ಅಲೆ ಯಾವ ಬಗೆಯದಾಗಿ ಬಂತು ಎಂಬುದನ್ನು ಹೋಲಿಸಿದರೆ, ಎಲ್ಲೋ ಒಂದು ಬಲ ನಿರ್ದಿಷ್ಟ ದಿಕ್ಕಿನಲ್ಲಿ ಹಿಂದುಮುಂದಾಗುತ್ತಿದೆ ಎಂದು ಗೊತ್ತಾಗುತ್ತಿತ್ತು. ನಕ್ಷೆಯ ಮೇಲೆ ಆ ದಿಕ್ಕನ್ನು ಎಳೆದು ನೋಡಿದರೆ ಅದು ಫ್ಯೋರ್ಡಿಗೆ ನೆಟ್ಟಗೆ ಅಡ್ಡವಾಗಿತ್ತು.

ಪತ್ರಿಕೆಗಳು ‘ಒಂಬತ್ತು ದಿನ ನಡುಗಿದ ಭೂಮಿ’ ಎಂದು ಬರೆದವು. ನಡುಕ ಎಂಬ ಮಾತು ನನಗೆ ಒಪ್ಪುವುದಿಲ್ಲ. ದೂರದ ಕೇಂದ್ರಗಳಲ್ಲಿ ನೆಲ ಅಲುಗಿದ್ದು ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ, ಅದೂ ಒಂದೂವರೆ ನಿಮಿಷಕ್ಕೆ ಹರಡಿಕೊಂಡು. ಉಸಿರಾಟ ಎಂದರೆ ಸರಿಹೋಗುತ್ತದೆ. ಮಲಗಿದ ದೊಡ್ಡ ಪ್ರಾಣಿಯ ಪಕ್ಕೆಯ ಮೇಲೆ ಕೂತ ನೊಣಕ್ಕೆ ಎಷ್ಟು ಗೊತ್ತಾದೀತೋ ಅಷ್ಟೇ ನಮಗೂ.

ಈ ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಂಡೆಯೂ ಅಲ್ಲ, ಅಲೆಯೂ ಅಲ್ಲ, ಒಂದು ಹಡಗು. ಕುಸಿತದ ಮೂರು ದಿನಗಳ ನಂತರ ಡೆನ್ಮಾರ್ಕಿನ ಸೇನಾ ಹಡಗೊಂದು ಅದೇ ಫ್ಯೋರ್ಡಿನೊಳಕ್ಕೆ ಹೋಗಿತ್ತು. ನೀರು ಆಗಲೂ ಓಲಾಡುತ್ತಿತ್ತು, ಸಾವಿರಾರು ಕಿಲೋಮೀಟರ್ ದೂರದ ಯಂತ್ರಗಳು ಅದನ್ನು ಆಗಲೂ ಬರೆದುಕೊಳ್ಳುತ್ತಿದ್ದವು. ಹಡಗಿನವರಿಗೆ ಮಾತ್ರ ಯಾವ ಅಲೆಯೂ ಕಾಣಲಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕಿಲೋಮೀಟರುಗಟ್ಟಲೆ ಅಗಲದ ನೀರು ಒಂದೂವರೆ ನಿಮಿಷದಲ್ಲಿ ಅಷ್ಟಿಷ್ಟು ವಾಲಿ ಸಮವಾದರೆ, ಅದರ ಮೇಲೆಯೇ ತೇಲುವವನು ಜೊತೆಯಲ್ಲೇ ಏರಿ ಇಳಿಯುತ್ತಾನೆ. ದಡದ ಕಲ್ಲೊಂದನ್ನು ಗುರುತಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತೇನೋ, ಆದರೆ ಯಾರು ಹಾಗೆ ನೋಡುತ್ತಾರೆ?

ಕಣ್ಣಿನ ಸಾಕ್ಷಿ ಕೊನೆಗೂ ಸಿಕ್ಕಿತು, ಆಕಾಶದಿಂದ. 2022ರ ಡಿಸೆಂಬರ್‌ನಲ್ಲಿ ಹಾರಿಬಿಟ್ಟಿದ್ದ ‘ಸ್ವಾಟ್’ ಎಂಬ ಉಪಗ್ರಹ ನೀರಿನ ಮಟ್ಟವನ್ನು ಹಳೆಯ ಉಪಗ್ರಹಗಳಂತೆ ಒಂದೇ ಗೆರೆಯ ಮೇಲೆ ಅಳೆಯುವುದಿಲ್ಲ, ಎರಡೂ ಬದಿಗೆ ಐವತ್ತು ಕಿಲೋಮೀಟರ್ ಅಗಲದ ಪಟ್ಟಿಯನ್ನೇ ಅಳೆಯುತ್ತದೆ. ಆಕ್ಸ್‌ಫರ್ಡಿನ ಥಾಮಸ್ ಮೊನಹನ್ ಮತ್ತು ಸಂಗಡಿಗರು 2025ರ ಜೂನ್‌ನಲ್ಲಿ ಅದರ ದಾಖಲೆಯಿಂದ ತೋರಿಸಿದ್ದು: ಫ್ಯೋರ್ಡಿನ ಒಂದು ದಡಕ್ಕೂ ಇನ್ನೊಂದಕ್ಕೂ ನೀರಿನ ಮಟ್ಟದಲ್ಲಿ ಎರಡು ಮೀಟರಿನವರೆಗೂ ವ್ಯತ್ಯಾಸ. ಒಂದು ಸಲ ಈ ಕಡೆಗೆ ವಾಲಿದ ನೀರು, ಇನ್ನೊಂದು ಸಲ ಆ ಕಡೆಗೆ. ಆ ದತ್ತಾಂಶ ಎರಡು ವರ್ಷ ಹತ್ತಿರ ಅಲ್ಲಿಯೇ ಬಿದ್ದಿತ್ತು, ಯಾರಾದರೂ ಬಂದು ಕೇಳಲಿ ಎಂದು.

ಇಂಥ ಒಂಟಿ ಸ್ವರ ಇದಕ್ಕೂ ಮೊದಲೊಮ್ಮೆ ಕೇಳಿಸಿತ್ತು. 2018ರ ನವೆಂಬರ್ 11ರಂದು ಹದಿನೇಳು ಸೆಕೆಂಡಿಗೊಮ್ಮೆ ತೂಗುವ ಅಲೆಯೊಂದು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಭೂಮಿಯನ್ನು ಸುತ್ತಿತು. ಮೂಲ ಹುಡುಕುತ್ತಾ ಹೋದರೆ ಅದು ಆಫ್ರಿಕಾ ಮತ್ತು ಮಡಗಾಸ್ಕರ್ ನಡುವಿನ ಮಯೋಟ್ ದ್ವೀಪದ ಹತ್ತಿರ. ಮುಂದಿನ ಮೇ ತಿಂಗಳಲ್ಲಿ ಹಡಗಿನವರು ಕಡಲ ತಳವನ್ನು ಅಳೆದಾಗ ಹಿಂದಿನ ನಕ್ಷೆಯಲ್ಲಿ ಬಯಲಿದ್ದ ಜಾಗದಲ್ಲಿ 820 ಮೀಟರ್ ಎತ್ತರದ ಹೊಚ್ಚಹೊಸ ಜ್ವಾಲಾಮುಖಿ ನಿಂತಿತ್ತು. ಅಷ್ಟು ಶಿಲಾಪಾಕ ಹೊಟ್ಟೆಯಿಂದ ಖಾಲಿಯಾದ ಮೇಲೆ ದ್ವೀಪವೇ ಪೂರ್ವಕ್ಕೆ ಸರಿದು ಹತ್ತಾರು ಸೆಂಟಿಮೀಟರ್ ಕುಸಿದಿತ್ತು. ಆ ವಿಚಿತ್ರ ಸಂಕೇತದತ್ತ ಮೊದಲು ಬೆರಳು ತೋರಿದವರಲ್ಲಿ ವಿಜ್ಞಾನಿಗಳಲ್ಲದ, ನನ್ನ ಹಾಗೆ ಗೆರೆ ನೋಡುವ ಚಟದವರೂ ಇದ್ದರು ಎಂಬುದನ್ನು ಅಸೂಯೆಯಿಂದಲೇ ಬರೆಯುತ್ತಿದ್ದೇನೆ.

ಭೂವಿಜ್ಞಾನದ ಇತಿಹಾಸವನ್ನು ಜರಡಿಯ ಇತಿಹಾಸವಾಗಿ ಓದಬಹುದು ಎಂದು ಇತ್ತೀಚೆಗೆ ನನಗೆ ಅನ್ನಿಸತೊಡಗಿದೆ. ಏನನ್ನು ಉಳಿಸಿಕೊಂಡೆವು ಎನ್ನುವುದಕ್ಕಿಂತ ಏನನ್ನು ಗದ್ದಲವೆಂದು ಹೊರಚೆಲ್ಲಿದೆವು, ಯಾರು ಬಂದು ಅದನ್ನು ಹೆಕ್ಕಿದರು ಎಂಬ ಇತಿಹಾಸ. ಹೆಕ್ಕಿದವರ ಪೈಕಿ ನನಗೆ ಅಚ್ಚುಮೆಚ್ಚು ಇಂಗೆ ಲೆಹ್ಮನ್. ಡೆನ್ಮಾರ್ಕಿನವಳು, ಕೋಪನ್‌ಹೇಗನ್ನಿನ ಜೊತೆಗೆ ಗ್ರೀನ್‌ಲ್ಯಾಂಡಿನ ಎರಡು ಭೂಕಂಪ ಕೇಂದ್ರಗಳ ಉಸ್ತುವಾರಿಯೂ ಅವಳದೇ. 1929ರಲ್ಲಿ ನ್ಯೂಜಿಲೆಂಡಿನಲ್ಲಿ ದೊಡ್ಡ ಭೂಕಂಪವಾಯಿತು. ಭೂಮಿಯ ದ್ರವ ತಿರುಳಿನ ನೆರಳು ಬೀಳಬೇಕಾದ, ಅಲೆ ತಲುಪಲೇಬಾರದ ಪ್ರದೇಶದಲ್ಲೂ ಸಣ್ಣ ಅಲೆಗಳು ಬಂದಿದ್ದವು. ಬೇರೆಯವರಿಗೂ ಅವು ಕಂಡಿದ್ದವು. ತಿರುಳಿನ ಅಂಚಿನಲ್ಲಿ ಬಾಗಿ ಬಂದ ಚೂರುಪಾರು ಎಂದು ವಿವರಣೆ ಕೊಟ್ಟು ಸುಮ್ಮನಾಗಿದ್ದರು. ಲೆಹ್ಮನ್ ಸುಮ್ಮನಾಗಲಿಲ್ಲ. ಗಣಕಯಂತ್ರ ಇಲ್ಲದ ಕಾಲ. ಅಲೆ ಯಾವ ಊರಿಗೆ ಎಷ್ಟು ಹೊತ್ತಿಗೆ ತಲುಪಿತು ಎಂಬುದನ್ನು ರಟ್ಟಿನ ಚೀಟಿಗಳಲ್ಲಿ ಬರೆದು, ಓಟ್ಸ್ ಬರುವ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಂಡು, ತೋಟದಲ್ಲಿ ಮೇಜು ಹಾಕಿ ಕೂರುತ್ತಿದ್ದಳಂತೆ. 1936ರಲ್ಲಿ ಅವಳು ಮುಂದಿಟ್ಟ ಮಾತು: ದ್ರವ ತಿರುಳಿನೊಳಗೆ ಇನ್ನೊಂದು ತಿರುಳಿದೆ, ಈ ಚೂರುಪಾರು ಅಲೆಗಳು ಅದಕ್ಕೆ ತಾಗಿ ಬಂದವು. ಭೂಮಿಯ ಒಳತಿರುಳು ಹಾಗೆ ಸಿಕ್ಕಿತು. ತ್ರಿಜ್ಯ ಸುಮಾರು 1,220 ಕಿಲೋಮೀಟರ್. ಲೆಹ್ಮನ್ ನೂರ ನಾಲ್ಕು ವರ್ಷ ಬದುಕಿ 1993ರಲ್ಲಿ ತೀರಿಕೊಂಡಳು.

ಆ ಒಳತಿರುಳಿನದೇ ಸುದ್ದಿ 2024ರಲ್ಲಿ ಮತ್ತೆ ಬಂತು. ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ ಒಂದೇ ಜಾಗದಲ್ಲಿ ಒಂದೇ ರೀತಿ ಮರುಕಳಿಸುವ ಭೂಕಂಪಗಳಿವೆ. ಭೂಕಂಪ ಒಂದೇ ಆದರೆ, ತಿರುಳನ್ನು ಹಾದು ಬಂದ ಅಲೆಯ ಗೀಟೂ ಒಂದೇ ಆಗಿರಬೇಕು. ವರ್ಷಗಳ ಅಂತರದಲ್ಲಿ ಗೀಟು ಬದಲಾಗಿದ್ದರೆ ನಡುವೆ ತಿರುಳು ಸರಿದಿದೆ ಎಂದರ್ಥ. 1991ರಿಂದ 2023ರವರೆಗಿನ ಇಂಥ 121 ಭೂಕಂಪಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದ ಜಾನ್ ವಿಡಾಲೆ, ವೇಯ್ ವಾಂಗ್ ಮತ್ತು ಸಂಗಡಿಗರು, 2010ರ ಸುಮಾರಿಗೆ ಒಳತಿರುಳು ಮೇಲ್ಮೈಗೆ ಹೋಲಿಸಿದರೆ ನಿಧಾನವಾಯಿತು ಎಂದರು. ಪತ್ರಿಕೆಯ ತಲೆಬರಹ ಮಾತ್ರ ‘ಭೂಮಿಯ ತಿರುಳು ಹಿಮ್ಮುಖ!’ ಎಂದಿತ್ತು. ಅತ್ತಿಗೆ ಫೋನ್ ಮಾಡಿ, “ಏನಪ್ಪಾ, ಭೂಮಿ ಉಲ್ಟಾ ತಿರುಗುತ್ತಿದೆಯಂತೆ, ನೀನು ಇಂಥದ್ದೆಲ್ಲ ಓದುತ್ತೀಯಲ್ಲ, ಏನು ಕಥೆ?” ಎಂದರು. ಓಡುವ ರೈಲಿನ ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ತುಸು ನಿಧಾನವಾದರೆ ಅದು ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ ಅತ್ತಿಗೆ, ಹಾಗೆ ಎಂದೆ. “ಹಾಗಾದರೆ ಅದನ್ನೇ ಬರೆಯಬಾರದಿತ್ತೇ” ಎಂದರು. ನ್ಯಾಯವಾದ ಪ್ರಶ್ನೆ.

ಜರಡಿಯ ಕಥೆಯಲ್ಲಿ ಪೂರಾ ಉಲ್ಟಾ ಆದ ಪ್ರಸಂಗವೂ ಇದೆ. ಕಡಲ ಅಲೆಗಳು ಹಗಲಿರುಳು ನೆಲವನ್ನು ತಟ್ಟುವ ಮರ್ಮರ ಎಲ್ಲ ಕೇಂದ್ರಗಳಲ್ಲೂ ಇರುತ್ತದೆ. ಭೂಕಂಪಶಾಸ್ತ್ರಜ್ಞರು ದಶಕಗಟ್ಟಲೆ ಅದನ್ನು ಬೈದುಕೊಂಡೇ ಸೋಸಿದರು. 2005ರಲ್ಲಿ ನಿಕೊಲಾಯ್ ಶಪಿರೊ, ಮಿಶೆಲ್ ಕಾಂಪಿಯೊ ಮುಂತಾದವರು ಆ ಬೈಗುಳದ ವಸ್ತುವನ್ನೇ ಕೈಗೆತ್ತಿಕೊಂಡರು. ಎರಡು ಕೇಂದ್ರಗಳ ಮರ್ಮರವನ್ನು ಒಂದು ತಿಂಗಳ ಮಟ್ಟಿಗೆ ಒಂದಕ್ಕೊಂದು ತಾಳೆ ಹಾಕಿದರೆ, ಒಂದು ಕೇಂದ್ರದಿಂದ ಇನ್ನೊಂದಕ್ಕೆ ಅಲೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅದರಿಂದಲೇ ಹೊರಬೀಳುತ್ತದೆ. ಭೂಕಂಪಕ್ಕೆ ಕಾಯಬೇಕಿಲ್ಲ. ಹೀಗೆ ದಕ್ಷಿಣ ಕ್ಯಾಲಿಫೋರ್ನಿಯಾದ ನೆಲದಡಿಯ ಚಿತ್ರ ಬಿಡಿಸಿದರು, ಬರೀ ಗದ್ದಲದಿಂದ. ಈಗ ಇದು ಎಲ್ಲೆಡೆಯ ದಿನಬಳಕೆಯ ವಿಧಾನ.

ಮನುಷ್ಯರ ಗದ್ದಲ ನಿಂತಾಗ ಏನಾಗುತ್ತದೆ ಎಂಬುದೂ ಗೊತ್ತಾಯಿತು, 2020ರಲ್ಲಿ. ಕೊರೊನಾ ದಿಗ್ಬಂಧನದ ತಿಂಗಳುಗಳಲ್ಲಿ 117 ದೇಶಗಳ 268 ಕೇಂದ್ರಗಳ ದಾಖಲೆ ನೋಡಿದರೆ, ನಮ್ಮ ಓಡಾಟ ಎಬ್ಬಿಸುವ ಕಂಪನ ಕೆಲವೆಡೆ ಅರ್ಧಕ್ಕರ್ಧ ಇಳಿದಿತ್ತು. ಆ ವಸಂತದ ಗೆರೆಗಳನ್ನು ನಾನು ಈಗಲೂ ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಹಗಲೂ ರಾತ್ರಿಯ ಹಾಗೆ ತೆಳ್ಳಗಿವೆ. ಯಾವ ಅಂಕಿಅಂಶಕ್ಕಿಂತಲೂ ಆ ತೆಳುಗೆರೆ ನನಗೆ ಆ ವರ್ಷವನ್ನು ನೆನಪಿಗೆ ತರುತ್ತದೆ.

ಇದನ್ನೆಲ್ಲ ಬರೀ ಸೊಗಸಾದ ಪತ್ತೇದಾರಿ ಕಥೆಯೆಂದು ಓದಿಕೊಂಡು ಹೋಗುವುದು ಸುಲಭ, ನಾನೂ ಹಾಗೆಯೇ ಓದಿದೆ. ಮುಜುಗರವಾದದ್ದು ಆಮೇಲೆ. ಡಿಕ್ಸನ್ ಫ್ಯೋರ್ಡಿನಲ್ಲಿ ಯಾರೂ ಸಾಯಲಿಲ್ಲ, ಏಕೆಂದರೆ ಅವತ್ತು ಯಾರೂ ಅಲ್ಲಿರಲಿಲ್ಲ. ಪ್ರವಾಸಿ ಹಡಗುಗಳು ಆ ಭಾಗದಲ್ಲಿ ಓಡಾಡುತ್ತವೆ. 2017ರ ಜೂನ್ 17ರಂದು ಪಶ್ಚಿಮ ಗ್ರೀನ್‌ಲ್ಯಾಂಡಿನಲ್ಲಿ ಹೀಗೆಯೇ ಬೆಟ್ಟದ ಪಕ್ಕೆ ಕುಸಿದು, ಎದ್ದ ಅಲೆ ನೂಗಾಟ್ಸಿಯಾಕ್ ಎಂಬ ಹಳ್ಳಿಗೆ ಬಡಿದು ನಾಲ್ಕು ಜನ ತೀರಿಕೊಂಡರು. ಉಳಿದವರನ್ನು ಊರು ಬಿಡಿಸಿದರು. ಡಿಕ್ಸನ್‌ನಲ್ಲೂ ಅದೇ ಶ್ರುತಿ 2023ರ ಅಕ್ಟೋಬರ್ 11ರಂದು ಮತ್ತೊಮ್ಮೆ ಕೇಳಿಸಿತು, ಸಣ್ಣದಾಗಿ. ಮತ್ತೊಂದು ಕುಸಿತ.

ಬೀಳುವ ಮುಂಚೆ ಬಂಡೆ ಸದ್ದು ಮಾಡುತ್ತದೆಯೇ? ಕೆಲವು ಸಲ ಮಾಡುತ್ತದೆ. ನೂಗಾಟ್ಸಿಯಾಕ್‌ನ ಕುಸಿತಕ್ಕೆ ಮುನ್ನ ಹಳ್ಳಿಯಲ್ಲೇ ಇದ್ದ ಉಪಕರಣ ಸಣ್ಣ ಸಣ್ಣ ಕಂಪನಗಳ ಸಾಲನ್ನು ಬರೆದುಕೊಂಡಿತ್ತು, ಗಂಟೆಗಳ ಕಾಲ, ಒಂದರ ಹಿಂದೊಂದು, ಕೊನೆಕೊನೆಗೆ ಹತ್ತಿರ ಹತ್ತಿರವಾಗುತ್ತಾ. ಅದನ್ನು ಸಂಶೋಧಕರು ದಾಖಲೆಯಿಂದ ಹೆಕ್ಕಿದ್ದು ಎಲ್ಲ ಮುಗಿದ ಮೇಲೆ. ಆ ಕಂಪನಗಳು ಎಷ್ಟು ಚಿಕ್ಕವೆಂದರೆ, ಇಂಥದ್ದೇ ಬೇಕು ಎಂದು ಹುಡುಕದ ಹೊರತು ಗೆರೆಯ ಒರಟುತನದಲ್ಲಿ ಕರಗಿಬಿಡುತ್ತವೆ.

ನಿನ್ನೆ ರಾತ್ರಿ ಮತ್ತೆ ಪುಟ ತೆರೆದೆ. ಈಗ ನಾನು ಒಂದೇ ಕೇಂದ್ರವನ್ನು ಎರಡು ಜರಡಿಯಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ, ಒಂದು ಸಣ್ಣ ಕಣ್ಣಿನದು, ಇನ್ನೊಂದು ದೊಡ್ಡ ಕಣ್ಣಿನದು. ಎಡಗಡೆಯ ಗೆರೆ ನೆಟ್ಟಗಿತ್ತು. ಬಲಗಡೆಯದರಲ್ಲಿ ರಾತ್ರಿ ಎರಡೂ ಕಾಲರ ಹೊತ್ತಿಗೆ ಒಂದು ಉದ್ದನೆಯ, ಅಳತೆಗೆ ಸಿಗದ ತೊನೆದಾಟ. ಉಪಕರಣದ ಕೋಣೆಯ ಗಾಳಿಯ ಒತ್ತಡ ಬದಲಾದರೂ ಹೀಗಾಗುತ್ತದೆ, ಬಹುಮಟ್ಟಿಗೆ ಅದೇ ಇರಬೇಕು. ಆದರೂ ತಾರೀಕು, ಗಂಟೆ ಎರಡನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟು ದೀಪ ಆರಿಸಿದೆ.